ಹಳೆಯ ಕಾರಿನ ಹೀಟ್ ಶೀಲ್ಡ್ ಬದಲಿಸುವುದು: ಘಾಟಿ, ಮಳೆ, ತರಗೆಲೆಯ ಊರಿನವರಿಗೆ

ಎರಡು ವರ್ಷದ ಹಿಂದಿನ ಏಪ್ರಿಲ್. ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತಿ, 14 ತಿರುವುಗಳನ್ನೂ ಮೊದಲ ಎರಡನೇ ಗೇರಿನಲ್ಲೇ ಮುಗಿಸಿ, ಮೇಲೆ ಸೂರ್ಯಾಸ್ತ ನೋಡುವ ಜಾಗದಲ್ಲಿ ನಮ್ಮ ಹಳೆಯ ಮಾರುತಿ 800 ನಿಲ್ಲಿಸಿದೆ. ಹತ್ತು ನಿಮಿಷ ಬಿಟ್ಟು ಬಂದು ಕೀ ತಿರುಗಿಸಿದರೆ ಸ್ಟಾರ್ಟರ್ ಸುತ್ತುತ್ತದೆ, ಎಂಜಿನ್ ಹಿಡಿಯುವುದಿಲ್ಲ. ಬಾನೆಟ್ ಎತ್ತಿದರೆ ಮುಖಕ್ಕೆ ಹೊಡೆದ ಬಿಸಿಯ ಜೊತೆಗೆ ಪೆಟ್ರೋಲಿನ ಘಾಟು. ಕುಡಿಯುವ ನೀರಿನಲ್ಲಿ ಟವೆಲ್ ಒದ್ದೆ ಮಾಡಿ ಪೆಟ್ರೋಲ್ ಪಂಪಿನ ಮೇಲೆ ಹೊದಿಸಿ ಅರ್ಧ ಗಂಟೆ ಕಾದ ಮೇಲೆ ಸ್ಟಾರ್ಟ್ ಆಯಿತು.

ಮರುದಿನ ಅಂಗಳದಲ್ಲಿ ನೋಡಿದಾಗ ಕಾರಣ ಸಿಕ್ಕಿತು. ಎರಡು ತಿಂಗಳ ಹಿಂದೆ ಸರ್ವಿಸ್‌ಗೆ ಬಿಟ್ಟಾಗ, ಮುಂದೆ ಎಲ್ಲೋ ತಗಡು ಬಡಿಯುವ ಸದ್ದು ಬರುತ್ತಿದೆ ಎಂದಿದ್ದೆ. ಎಕ್ಸಾಸ್ಟ್ ಮ್ಯಾನಿಫೋಲ್ಡಿನ (ಎಂಜಿನ್ನಿನಿಂದ ಬಿಸಿ ಹೊಗೆ ಹೊರಬರುವ ಕಬ್ಬಿಣದ ಕೊಳವೆಗಳ) ಮೇಲಿನ ಹೀಟ್ ಶೀಲ್ಡ್, ಅಂದರೆ ಬಿಸಿ ತಡೆಯುವ ತಗಡು, ತುಕ್ಕು ಹಿಡಿದು ಒಂದು ಬೋಲ್ಟಿನಲ್ಲಿ ನೇತಾಡುತ್ತಿತ್ತಂತೆ. "ಅದೆಂತಕ್ಕೆ ಬೇಕು ಮಾರಾಯ್ರೇ, ಇಲ್ದಿದ್ರೂ ಗಾಡಿ ಓಡ್ತದೆ" ಎಂದು ಮೆಕ್ಯಾನಿಕ್ ಬಿಚ್ಚಿ ಎಸೆದಿದ್ದರು. ಸದ್ದು ನಿಂತಿತು, ನಾನೂ ಖುಷಿಯಲ್ಲಿ ಹಣ ಕೊಟ್ಟು ಬಂದಿದ್ದೆ. ಈಗ ನೋಡಿದರೆ ಪಕ್ಕದಲ್ಲಿ ಹಾದುಹೋದ ಪೆಟ್ರೋಲ್ ಹೋಸ್ ಕಟ್ಟಿಗೆಯಂತೆ ಗಟ್ಟಿಯಾಗಿತ್ತು. ಕಾರಿನಡಿ ನುಸುಳಿದಾಗ ಕಂಡದ್ದು ಇನ್ನೂ ಭಯ ಹುಟ್ಟಿಸಿತು: ಸೈಲೆನ್ಸರ್ ಪೈಪು ಮತ್ತು ಫ್ಲೋರ್ ನಡುವಿನ ಸೀಳಿದ ಶೀಲ್ಡಿನಲ್ಲಿ ಸಿಕ್ಕಿಕೊಂಡ ಒಂದು ಹಲಸಿನ ಎಲೆ. ಅದರ ಅರ್ಧ ಇದ್ದಿಲಾಗಿತ್ತು, ಇನ್ನರ್ಧದಲ್ಲಿ ನರಗಳು ಹಾಗೇ ಉಳಿದಿದ್ದವು.

ಅದಾದ ಮೇಲೆ ನಮ್ಮದಲ್ಲದೆ ನೆಂಟರಿಷ್ಟರ ನಾಲ್ಕೈದು ಹಳೆಯ ಗಾಡಿಗಳಿಗೂ ಶೀಲ್ಡ್ ಹಾಕಿದ್ದೇನೆ. ಬಿಚ್ಚಿ ಎಸೆಯುವ ಅಭ್ಯಾಸ ನಮ್ಮ ಕಡೆ ತುಂಬ ಇದೆ, ಹೀಟ್ ಶೀಲ್ಡ್ ಹೆಚ್ಚು ಬೇಕಾದದ್ದೂ ನಮ್ಮ ಕಡೆಯೇ. ಅದಕ್ಕಾಗಿ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ತಗಡಿನ ಕೆಲಸ ಎಂಥದ್ದು

ಪೆಟ್ರೋಲ್ ಕಾರು ಏರಿನಲ್ಲಿ ಎಳೆಯುವಾಗ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಹೊರಮೈ 400ರಿಂದ 600 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯುತ್ತದೆ. ಬಯಲುಸೀಮೆಯ ನೇರ ರಸ್ತೆಯಲ್ಲಾದರೆ ಎದುರುಗಾಳಿ ಆ ಬಿಸಿಯನ್ನು ಒಯ್ಯುತ್ತದೆ. ಘಾಟಿಯಲ್ಲಿ ವೇಗ 20 ಕಿ.ಮೀ. ದಾಟುವುದಿಲ್ಲ, ಎಂಜಿನ್ನಿಗೆ ಮಾತ್ರ ಪೂರ್ತಿ ಭಾರ. ಗಾಳಿ ಕಡಿಮೆ, ಬೆಂಕಿ ಹೆಚ್ಚು. ಮೇಲೆ ಬಂದು ಆಫ್ ಮಾಡಿದರೆ ಫ್ಯಾನಿನ ಗಾಳಿಯೂ ನಿಂತು, ಬಿಸಿಯೆಲ್ಲ ಸುತ್ತಲಿನ ಹೋಸು, ವೈರು, ಕಾರ್ಬುರೇಟರಿಗೆ ಏರುತ್ತದೆ. ಎಂಜಿನ್ ಓಡುವಾಗಿನದಕ್ಕಿಂತ ನಿಂತ ಮೇಲಿನ ಹತ್ತು ನಿಮಿಷವೇ ರಬ್ಬರಿಗೆ ಕಷ್ಟದ ಹೊತ್ತು. ಪೆಟ್ರೋಲ್ ಹೋಸಿನಲ್ಲೇ ಆವಿಯಾಗಿ ಪಂಪಿಗೆ ಸಿಕ್ಕದೆ ಹೋಗುವುದೂ ಆಗಲೇ. ನನಗೆ ಆಗುಂಬೆಯಲ್ಲಿ ಆದದ್ದು ಅದೇ.

ಕಾದ ಕಬ್ಬಿಣದಿಂದ ಬಿಸಿ ಬರುವುದು ಬಹುಪಾಲು ಕಿರಣವಾಗಿ, ಹೋಳಿಯ ಬೆಂಕಿಯ ಮುಂದೆ ನಿಂತಾಗ ಮುಖ ಸುಡುವ ಹಾಗೆ. ಈ ಕಿರಣದ ಬಲ ತಾಪ ಏರಿದಂತೆ ವಿಪರೀತ ಏರುತ್ತದೆ. 300 ಡಿಗ್ರಿಯ ಪೈಪು 600 ಡಿಗ್ರಿಗೆ ಹೋದರೆ ಅದು ಸೂಸುವ ಶಾಖ ಎರಡು ಪಟ್ಟಲ್ಲ, ಐದು ಪಟ್ಟಿಗೂ ಹೆಚ್ಚು. ಆದರೆ ಬೆಂಕಿಯ ಮುಂದೆ ಒಂದು ಮೊರ ಅಡ್ಡ ಹಿಡಿದರೆ ಸಾಕು, ಮುಖ ತಣ್ಣಗಾಗುತ್ತದೆ. ಶೀಲ್ಡ್ ಆ ಮೊರ. ಮಸಿ ಹಿಡಿದ ತಗಡು ಅಡ್ಡವಿದ್ದರೂ ಸುಮಾರು ಅರ್ಧ ಶಾಖ ತಡೆಯುತ್ತದೆ, ಹೊಳೆಯುವ ಅಲ್ಯೂಮಿನಿಯಂ ಅಥವಾ ಸ್ಟೀಲ್ ಆದರೆ ಬಹುಪಾಲನ್ನು ವಾಪಸ್ ಕಳಿಸುತ್ತದೆ. ಇಲ್ಲಿ ತಗಡಿನಷ್ಟೇ ಮುಖ್ಯವಾದದ್ದು ತಗಡಿಗೂ ಪೈಪಿಗೂ ನಡುವಿನ ಗಾಳಿಯ ಸಂದು. ಸಂದು ಇಲ್ಲದೆ ಅಂಟಿಕೊಂಡ ಶೀಲ್ಡ್ ಶೀಲ್ಡೇ ಅಲ್ಲ, ಅದು ಪೈಪಿನ ಇನ್ನೊಂದು ಪದರ ಅಷ್ಟೆ.

ಸವೆದಿದೆಯೇ ಎಂದು ತಿಳಿಯುವುದು

ಮೊದಲ ಸುಳಿವು ಸದ್ದು. ನ್ಯೂಟ್ರಲ್‌ನಲ್ಲಿ ಆಕ್ಸಿಲರೇಟರ್ ನಿಧಾನ ಒತ್ತುತ್ತಾ ಹೋದರೆ ಒಂದು ಹಂತದಲ್ಲಿ ಮಾತ್ರ 'ಝರ್ರ್' ಎಂದು ತಗಡು ನಡುಗಿ, ಅದು ದಾಟಿದ ಕೂಡಲೇ ನಿಲ್ಲುತ್ತದೆ. ಉದ್ದನೆಯ ಒಣ ಕೋಲಿನಿಂದ ಶೀಲ್ಡಿನ ಒಂದೊಂದು ಮೂಲೆ ಒತ್ತಿ ಹಿಡಿಯಿರಿ. ಒತ್ತಿದಾಗ ಸದ್ದು ನಿಂತ ಮೂಲೆಯಲ್ಲಿ ಬೋಲ್ಟ್ ಹೋಗಿದೆ ಅಥವಾ ಬೋಲ್ಟಿನ ಸುತ್ತಲಿನ ತಗಡು ತುಕ್ಕಿನಲ್ಲಿ ಕರಗಿದೆ. ಫ್ಯಾನು ಬೆಲ್ಟುಗಳಿಂದ ಕೈ, ಶಾಲು, ಪಂಚೆ ದೂರವಿರಲಿ.

ಮಲೆನಾಡಿನ ಶೀಲ್ಡುಗಳು ಹಾಳಾಗುವ ರೀತಿಯೇ ಬೇರೆ. ಮಳೆಗಾಲದ ನಾಲ್ಕು ತಿಂಗಳು ಕೆಸರು ನೀರು ಕಾದ ತಗಡಿಗೆ ಹಾರುತ್ತದೆ, ಒಣಗುತ್ತದೆ, ಮತ್ತೆ ಹಾರುತ್ತದೆ. ತಗಡಿನ ನಡುಭಾಗ ಚೆನ್ನಾಗಿದ್ದು ಬೋಲ್ಟ್ ತೂತಿನ ಸುತ್ತ ಮಾತ್ರ ಬಿಸ್ಕೆಟಿನಂತೆ ಉದುರುತ್ತದೆ. ಇಷ್ಟೇ ಆಗಿದ್ದರೆ ಹೊಸ ಶೀಲ್ಡ್ ಬೇಡ. 30 ಮಿ.ಮೀ. ಅಗಲದ ಸ್ಟೇನ್‌ಲೆಸ್ ವಾಷರನ್ನು ಮೇಲೊಂದು ಕೆಳಗೊಂದು ಇಟ್ಟು ಬಿಗಿ ಮಾಡಿದರೆ ಇನ್ನೂ ಮೂರ್ನಾಲ್ಕು ಮಳೆಗಾಲ ತೆಗೆಯುತ್ತದೆ. ಸೈಲೆನ್ಸರ್ ಪೈಪಿನ ಸುತ್ತಲಿನ ಶೀಲ್ಡ್ ಸಡಿಲವಾಗಿದ್ದರೆ ಉದ್ದನೆಯ ಸ್ಟೇನ್‌ಲೆಸ್ ಹೋಸ್ ಕ್ಲಿಪ್ ಸುತ್ತಿ ಬಿಗಿಯಿರಿ. ಕಟ್ಟು ತಂತಿ ಬೇಡ, ಒಂದೇ ಮಳೆಗೆ ತುಂಡಾಗುತ್ತದೆ.

ನಡುಭಾಗ ತೂತಾಗಿದ್ದರೆ, ಸೀಳಿದ್ದರೆ, ಎರಡು ಪದರದ ಶೀಲ್ಡಿನ ಒಳಪದರ ಪುಡಿಯಾಗಿದ್ದರೆ ಬದಲಿಸಿ. ಅದಕ್ಕೂ ಮೊದಲು ಒಂದು ಪರೀಕ್ಷೆ ಕಡ್ಡಾಯ. ಶೀಲ್ಡ್ ಒಂದೇ ಜಾಗದಲ್ಲಿ ಸುಟ್ಟಿದ್ದರೆ, ಅದರ ಎದುರು ಮ್ಯಾನಿಫೋಲ್ಡಿನಲ್ಲಿ ಕಪ್ಪು ಮಸಿಯ ಗೆರೆ ಇದೆಯೇ ನೋಡಿ. ಇದ್ದರೆ ಮ್ಯಾನಿಫೋಲ್ಡ್ ಎಂಜಿನ್ನಿಗೆ ಕೂರುವಲ್ಲಿನ ಪ್ಯಾಕಿಂಗ್ (ಗ್ಯಾಸ್ಕೆಟ್) ಸೋರುತ್ತಿದೆ ಅಥವಾ ಮ್ಯಾನಿಫೋಲ್ಡ್ ಬಿರುಕು ಬಿಟ್ಟಿದೆ. ಬೆಳಿಗ್ಗೆ ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿದಾಗ 'ಟಿಕ್ ಟಿಕ್' ಕೇಳಿ, ಬಿಸಿಯಾದ ಮೇಲೆ ನಿಂತುಹೋಗುವುದು ಇದೇ ಕಾಯಿಲೆಯ ಲಕ್ಷಣ. ಆ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ, ವಾಸನೆಯೇ ಇಲ್ಲದೆ ಕಾರಿನೊಳಗೆ ಬರುತ್ತದೆ. ಮೊದಲು ಪ್ಯಾಕಿಂಗ್, ಆಮೇಲೆ ಶೀಲ್ಡ್. ಸೋರಿಕೆಯ ಮೇಲೆ ಹೊಸ ತಗಡು ಮುಚ್ಚಿದರೆ ಕಾಯಿಲೆ ಕಾಣದಂತೆ ಮಾಡಿದ ಹಾಗಾಗುತ್ತದೆ.

ಯಾವ ತಗಡು, ಯಾವುದು ಬೇಡ

ಕಂಪನಿಯದೇ ಶೀಲ್ಡ್ ಸಿಕ್ಕಿದರೆ ಅದಕ್ಕಿಂತ ಒಳ್ಳೆಯದಿಲ್ಲ. ಮಾರುತಿ 800 ತಯಾರಿ 2014ರಲ್ಲಿ ನಿಂತಿದ್ದರೂ ಬಿಡಿಭಾಗ ಇನ್ನೂ ಓಡಾಡುತ್ತಿವೆ. ಶಿವಮೊಗ್ಗಕ್ಕೆ ಹೋದಾಗ ಬಿಡಿಭಾಗದ ಅಂಗಡಿಗಳಲ್ಲಿ ಕೇಳಿ, ಇಲ್ಲವೆಂದರೆ ಗುಜರಿ ಅಂಗಡಿ ಹೊಕ್ಕು ನೋಡಿ. ಗುಜರಿಯಲ್ಲಿ ಸಿಕ್ಕಿದ್ದನ್ನು ಬೆಳಕಿಗೆ ಎತ್ತಿ ಹಿಡಿದು ಪಿನ್ನಿನಷ್ಟು ತೂತಿದೆಯೇ ನೋಡಿ, ಬೋಲ್ಟ್ ಜಾಗ ಉಗುರಿನಿಂದ ಕೆರೆಯಿರಿ. ಮಳೆ ಕಡಿಮೆ ಇರುವ ಊರಿನಲ್ಲಿ ಓಡಿದ ಗಾಡಿಯದಾದರೆ ಅದೃಷ್ಟ.

ಸಿಗದಿದ್ದರೆ ಮಾಡಿಕೊಳ್ಳಬೇಕು. ಮ್ಯಾನಿಫೋಲ್ಡಿನ ಎದುರಿಗೆ ಅರ್ಧ ಮಿ.ಮೀ. ದಪ್ಪದ 304 ಸ್ಟೇನ್‌ಲೆಸ್ ಹಾಳೆ ಹಾಕಿ. ಕತ್ತರಿಸಲು ಹಟಮಾರಿ, ಆದರೆ ತುಕ್ಕಿಗೂ ಬಿಸಿಗೂ ಜಗ್ಗುವುದಿಲ್ಲ. ಪೈಪಿನ ಮೇಲೆ, ಫ್ಲೋರಿನ ಕೆಳಗೆ, ಪೆಟ್ರೋಲ್ ಹೋಸಿನ ಪಕ್ಕಕ್ಕೆ 0.8ರಿಂದ 1 ಮಿ.ಮೀ. ಮೆತ್ತನೆಯ ಅಲ್ಯೂಮಿನಿಯಂ ಸಾಕು. ಅಲ್ಯೂಮಿನಿಯಂ ಕರಗುವುದು 660 ಡಿಗ್ರಿಯಲ್ಲಿ, ಆದರೆ ಅದಕ್ಕಿಂತ ಬಹಳ ಮೊದಲೇ ಬಲ ಕಳೆದುಕೊಂಡು ಜೋಲುತ್ತದೆ. ಆದ್ದರಿಂದ ಅದನ್ನು ಮ್ಯಾನಿಫೋಲ್ಡಿಗೆ ತೀರಾ ಹತ್ತಿರ ಒಯ್ಯಬೇಡಿ.

ಕೊಟ್ಟಿಗೆಗೆ ಹೊದಿಸಿ ಉಳಿದ ಜಿಂಕ್ ಶೀಟಿನ ತುಂಡು ಎಲ್ಲರ ಮನೆಯಲ್ಲೂ ಇರುತ್ತದೆ. ಅದನ್ನೇ ಹಾಕುವ ಮನಸ್ಸಾಗುತ್ತದೆ. ದಯವಿಟ್ಟು ಬೇಡ. ಸತುವಿನ ಲೇಪ 200 ಡಿಗ್ರಿ ಮೇಲೆ ದಿನಾ ಕಾದರೆ ನಿಲ್ಲುವುದಿಲ್ಲ, 419 ಡಿಗ್ರಿಗೆ ಕರಗಿಯೇ ಹೋಗುತ್ತದೆ. ಕೆಂಪು ಹಸಿರು ಬಣ್ಣದ ಮಾಡಿನ ಶೀಟಂತೂ ಇನ್ನೂ ಕೆಟ್ಟದು, ಬಣ್ಣವೇ ಸುಟ್ಟು ಹೊಗೆಯಾಡುತ್ತದೆ.

ಪೈಪಿಗೆ ಬ್ಯಾಂಡೇಜಿನಂತೆ ಸುತ್ತುವ ಎಕ್ಸಾಸ್ಟ್ ರ‍್ಯಾಪ್ ಬಗ್ಗೆಯೂ ನನ್ನ ಅಭಿಪ್ರಾಯ ಖಚಿತ. ರೇಸಿನ ಕಾರಿಗೆ, ಒಣ ಊರಿಗೆ ಅದು ಸರಿಯಿರಬಹುದು. ವರ್ಷಕ್ಕೆ ಸಾವಿರಾರು ಮಿ.ಮೀ. ಮಳೆ ಸುರಿಯುವ ತೀರ್ಥಹಳ್ಳಿ, ಹೊಸನಗರದಂಥ ಕಡೆ ಅದು ಒದ್ದೆ ಕಂಬಳಿ. ನೀರು ಹೀರಿ ಹಿಡಿದಿಟ್ಟುಕೊಂಡು ಒಳಗಿನ ಪೈಪನ್ನು ಕಣ್ಣಿಗೆ ಕಾಣದಂತೆ ಕೊಳೆಸುತ್ತದೆ. ಎಂಜಿನ್ನಿನಿಂದ ಎಣ್ಣೆ ಸೋರಿ ಅದು ನೆನೆದರೆ ದೀಪದ ಬತ್ತಿಯಾಗುತ್ತದೆ. ಬೀಡು ಕಬ್ಬಿಣದ ಮ್ಯಾನಿಫೋಲ್ಡಿಗೆ ಸುತ್ತಿದರೆ ಬಿಸಿ ಹೊರಹೋಗಲು ದಾರಿಯಿಲ್ಲದೆ ಬಿರುಕು ಬಿಡುವ ಸಂಭವವೂ ಇದೆ. ಹಾಗಾಗಿ ನಾನು ಸುತ್ತುವವರ ಪಕ್ಷವಲ್ಲ, ಸಂದು ಬಿಟ್ಟು ತಗಡು ಹಾಕುವವರ ಪಕ್ಷ.

ಉಳಿದಂತೆ ಬೇಕಾದದ್ದು: 10 ಮತ್ತು 12ರ ಆರು ಮೂಲೆಯ ಸಾಕೆಟ್, ತುಕ್ಕು ಬಿಡಿಸುವ ಸ್ಪ್ರೇ, ವೈರ್ ಬ್ರಷ್, ತಗಡು ಕತ್ತರಿ, ಅರ, ಮರದ ಕೊಡತಿ, ಡ್ರಿಲ್, ಸ್ಟೇನ್‌ಲೆಸ್ ಎಂ6 (6 ಮಿ.ಮೀ. ದಪ್ಪದ) ಬೋಲ್ಟುಗಳು, ಅಗಲದ ವಾಷರುಗಳು, ಬೋಲ್ಟ್ ಕಚ್ಚಿಕೊಳ್ಳದಂತೆ ಸವರುವ ತಾಮ್ರದ ಆಂಟಿ-ಸೀಜ್ ಪೇಸ್ಟ್ ಒಂದು ಟ್ಯೂಬ್, ದಪ್ಪ ಚರ್ಮದ ಕೈಗವಸು. ಕತ್ತರಿಸಿದ ತಗಡಿನ ಅಂಚು ಕತ್ತಿಗಿಂತ ಹರಿತ.

ಅಂಗಳದಲ್ಲಿ ಗಾಡಿ ಎತ್ತುವುದು

ನಮ್ಮ ಅಂಗಳಗಳು ಇಳಿಜಾರು. ಮೊದಲು ಸಮತಟ್ಟಾದ ಗಟ್ಟಿ ಜಾಗ ಹುಡುಕಿ, ಅಡಿಕೆ ಒಣಗಿಸುವ ಸಿಮೆಂಟ್ ಕಣವಿದ್ದರೆ ಅದೇ ಒಳ್ಳೆಯದು. ಗೇರಿನಲ್ಲಿಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಎತ್ತದ ಚಕ್ರಗಳ ಎರಡೂ ಬದಿಗೆ ಅಡ್ಡಗಟ್ಟೆ ಕೊಡಿ. ಜಾಕ್ ಎತ್ತಲು ಮಾತ್ರ, ಕೆಳಗೆ ನುಸುಳಬೇಕಾದರೆ ಕಬ್ಬಿಣದ ಜಾಕ್ ಸ್ಟ್ಯಾಂಡ್ ಬೇಕೇ ಬೇಕು. ಜಂಬಿಟ್ಟಿಗೆ ಕಲ್ಲು ಪೇರಿಸಿ ಅದರ ಮೇಲೆ ಗಾಡಿ ಕೂರಿಸಿದ್ದನ್ನು ನಾನು ಕಂಡಿದ್ದೇನೆ. ಜಂಬಿಟ್ಟಿಗೆ ಗೋಡೆಯಲ್ಲಿ ನೂರು ವರ್ಷ ನಿಲ್ಲುತ್ತದೆ, ಆದರೆ ಒಂದು ಬಿಂದುವಿನಲ್ಲಿ ಭಾರ ಬಿದ್ದರೆ ಮುನ್ಸೂಚನೆಯಿಲ್ಲದೆ ಒಡೆಯುತ್ತದೆ. ಅದರ ಕೆಳಗೆ ಮಲಗಬೇಡಿ, ಯಾರನ್ನೂ ಮಲಗಿಸಬೇಡಿ.

ರಾತ್ರಿ ನಿಲ್ಲಿಸಿದ ಗಾಡಿಯ ಮೇಲೆ ಬೆಳಿಗ್ಗೆ ಕೆಲಸ ಶುರುಮಾಡಿ, ಅಷ್ಟು ತಣ್ಣಗಿರಬೇಕು. ಬ್ಯಾಟರಿಯ ನೆಗೆಟಿವ್ ಬಿಚ್ಚಿಡಿ. ಶೀಲ್ಡ್ ಹೊರತೆಗೆಯುವಾಗ ಸ್ಟಾರ್ಟರ್ ಅಥವಾ ಆಲ್ಟರ್ನೇಟರಿನ ತಂತಿಗೆ ತಾಗಿ ಕಿಡಿ ಹಾರುವುದು ಅಪರೂಪವಲ್ಲ.

ತುಕ್ಕು ಹಿಡಿದ ಬೋಲ್ಟ್ ಬಿಚ್ಚುವುದು

ಇಡೀ ಕೆಲಸದಲ್ಲಿ ಅರ್ಧ ಹೊತ್ತು ಹೋಗುವುದು ಇಲ್ಲೇ, ಅವಸರ ಮಾಡಿದವರ ಬೋಲ್ಟ್ ಮುರಿಯುವುದೂ ಇಲ್ಲೇ. ಹಿಂದಿನ ರಾತ್ರಿಯೇ ವೈರ್ ಬ್ರಷ್‌ನಿಂದ ಬೋಲ್ಟ್ ತಲೆಯ ತುಕ್ಕು ಉಜ್ಜಿ ಸ್ಪ್ರೇ ಹೊಡೆಯಿರಿ, ಬೆಳಿಗ್ಗೆ ಮತ್ತೊಮ್ಮೆ. ಆಕ್ಸಿಜನ್ ಸೆನ್ಸರ್ ಇರುವ ಗಾಡಿಯಾದರೆ ಅದಕ್ಕೆ ಸ್ಪ್ರೇ ತಾಗದಂತೆ ಬಟ್ಟೆ ಮುಚ್ಚಿ.

ಪಾನಾ ಹಾಕುವ ಮುನ್ನ ತಲೆಯ ಮೇಲೆ ಸಣ್ಣ ಸುತ್ತಿಗೆಯಿಂದ ನೇರವಾಗಿ ನಾಲ್ಕೈದು ಸಲ ತಟ್ಟಿ, ತುಕ್ಕಿನ ಹಿಡಿತ ಸಡಿಲುತ್ತದೆ. ತೆರೆದ ಬಾಯಿಯ ಪಾನಾ ಇಲ್ಲಿ ಬೇಡ, ಮೂಲೆ ಉರುಟಾಗುತ್ತದೆ. ಸಾಕೆಟ್ ಪೂರ್ತಿ ಕೂತ ಮೇಲೆ ಮೊದಲು ಬಿಗಿಯುವ ಕಡೆಗೇ ಕೂದಲೆಳೆಯಷ್ಟು ತಿರುಗಿಸಿ, ಆಮೇಲೆ ಬಿಚ್ಚುವ ಕಡೆಗೆ. 'ಕಟಕ್' ಎಂದು ಬಿಟ್ಟಿತೋ, ಕಾಲು ಸುತ್ತು ಬಿಚ್ಚಿ, ಅಷ್ಟೇ ವಾಪಸ್ ಬಿಗಿದು, ಸ್ಪ್ರೇ ಹಾಕಿ, ಮತ್ತೆ ಅರ್ಧ ಸುತ್ತು. ಕಬ್ಬಿಣ ರಬ್ಬರಿನಂತೆ ಜಗ್ಗುವ ಭಾವನೆ ಕೈಗೆ ಬಂದರೆ ಅಲ್ಲಿಗೇ ನಿಲ್ಲಿಸಿ. ಅದು ಬೋಲ್ಟ್ ತಿರುಚಿಕೊಳ್ಳುತ್ತಿರುವುದು, ಇನ್ನೊಂದು ಎಳೆತಕ್ಕೆ ಮುರಿಯುತ್ತದೆ. ಮತ್ತೆ ಸ್ಪ್ರೇ ಹೊಡೆದು ಊಟ ಮಾಡಿ ಬನ್ನಿ.

ಮುರಿದೇ ಹೋದರೂ ಗಾಬರಿ ಬೇಡ. ಶೀಲ್ಡ್ ಬೋಲ್ಟುಗಳು ಸಾಮಾನ್ಯವಾಗಿ ಎಂ6. ತುಂಡಿನ ನಟ್ಟನಡುವೆ ಸೆಂಟರ್ ಪಂಚ್‌ನಿಂದ ಗುಳಿ ಮಾಡಿ, 3 ಮಿ.ಮೀ. ಬಿಟ್‌ನಿಂದ ಶುರುಮಾಡಿ, 5 ಮಿ.ಮೀ.ಗೆ ದೊಡ್ಡದು ಮಾಡಿ ಎಂ6 ಟ್ಯಾಪಿನಿಂದ ಕೊರೆದರೆ ಬೋಲ್ಟ್ ಹಿಡಿಯುವ ಹೊಸ ತಿರುಪು ಗೆರೆ (ಥ್ರೆಡ್) ಸಿಗುತ್ತದೆ. ಡ್ರಿಲ್ ಓರೆಯಾದರೆ ಮಾತ್ರ ಮ್ಯಾನಿಫೋಲ್ಡೇ ಹಾಳು. ಕೈ ನಡುಗುವವರು ಇದನ್ನು ಲೇತ್ ಅಂಗಡಿಯವರಿಗೆ ಬಿಡಿ. ಮ್ಯಾನಿಫೋಲ್ಡನ್ನು ಎಂಜಿನ್ನಿನ ಹೆಡ್ಡಿಗೆ ಹಿಡಿದಿರುವ ಎಂ8 ಸ್ಟಡ್ಡುಗಳನ್ನು ಈ ಕೆಲಸದಲ್ಲಿ ಮುಟ್ಟುವ ಅಗತ್ಯವೇ ಇಲ್ಲ.

ಕಲ್ನಾರು ಕಂಡರೆ ಕೈ ತಡೆಯಿರಿ

ಅಂಬಾಸಿಡರ್, ಪದ್ಮಿನಿ, ಹಳೆಯ ಜೀಪುಗಳಲ್ಲಿ ತಗಡಿನ ನಡುವೆ ಬೂದು ಅಥವಾ ಬಿಳಿ ನಾರಿನ ರಟ್ಟು, ಪೈಪಿಗೆ ಸುತ್ತಿದ ನಾರಿನ ಹಗ್ಗ ಕಾಣಬಹುದು. ಅದು ಆಸ್ಬೆಸ್ಟಾಸ್, ಅಂದರೆ ಕಲ್ನಾರು, ಎಂದೇ ಭಾವಿಸಿ ನಡೆಯಿರಿ. ಅದರ ಧೂಳು ಶ್ವಾಸಕೋಶಕ್ಕೆ ಹೋದರೆ ಮತ್ತೆ ಹೊರಬರುವುದಿಲ್ಲ, ದಶಕಗಳ ಮೇಲೆ ಕ್ಯಾನ್ಸರ್ ಆಗಿ ಕಾಡಬಹುದು. ಉಜ್ಜಬೇಡಿ, ಊದಬೇಡಿ, ಬ್ರಷ್ ಹಾಕಬೇಡಿ. ಸೋಪಿನ ನೀರನ್ನು ಮೆಲ್ಲಗೆ ಸಿಂಪಡಿಸಿ ಪೂರ್ತಿ ನೆನೆಸಿ, ಪಿ100 ಫಿಲ್ಟರಿನ ಮಾಸ್ಕ್ ಹಾಕಿ (ಎನ್95 ಇದಕ್ಕೆ ಸಾಲದು), ಇಡೀ ತುಂಡಾಗಿಯೇ ತೆಗೆದು ಎರಡು ಪ್ಲಾಸ್ಟಿಕ್ ಚೀಲದೊಳಗೆ ಕಟ್ಟಿ. ಆ ಬಟ್ಟೆಯಲ್ಲಿ ಮನೆಯೊಳಗೆ ಹೋಗಿ ಮಕ್ಕಳನ್ನು ಎತ್ತಿಕೊಳ್ಳಬೇಡಿ. ತುಂಬ ಪುಡಿಯಾಗಿದ್ದರೆ ಮನೆಯಲ್ಲಿ ಮುಟ್ಟಲೇಬೇಡಿ. ಅದರ ಜಾಗಕ್ಕೆ ಅಂಗಡಿಯಲ್ಲಿ ಸಿಗುವ ಬಿಳಿ ಸೆರಾಮಿಕ್ ಉಣ್ಣೆಯನ್ನು ಬರಿದಾಗಿ ತುರುಕುವುದೂ ಬೇಡ, ಅದರ ನಾರೂ ಎದೆಗೆ ಒಳ್ಳೆಯದಲ್ಲ. ತಗಡು, ಸಂದು, ತಗಡು: ಎರಡು ಪದರದ ಬರಿ ತಗಡೇ ಸಾಕು.

ಅಡಿಕೆ ಹಾಳೆಯ ಅಚ್ಚು

ಹಳೆಯ ಶೀಲ್ಡ್ ಇಡಿಯಾಗಿ ಸಿಕ್ಕಿದರೆ ಅದೇ ಅಚ್ಚು. ನನ್ನದು ಎಸೆದಾಗಿತ್ತು. ರಟ್ಟಿನಲ್ಲಿ ಪ್ರಯತ್ನಿಸಿದೆ, ಮಡಚಿದಲ್ಲಿ ಮುರಿಯುತ್ತಿತ್ತು, ಉರುಟು ಬರುತ್ತಿರಲಿಲ್ಲ. ಆಗ ತೋಟದಿಂದ ಒಂದು ಅಡಿಕೆ ಹಾಳೆ ತಂದು ಎರಡು ತಾಸು ನೀರಿನಲ್ಲಿ ನೆನೆಸಿದೆ. ನೆನೆದ ಹಾಳೆ ಚರ್ಮದಂತೆ ಬಗ್ಗುತ್ತದೆ. ತಣ್ಣಗಿನ ಮ್ಯಾನಿಫೋಲ್ಡಿನ ಮೇಲೆ, ಸಂದು ಉಳಿಯಲೆಂದು ಬೆರಳು ದಪ್ಪದ ಎರಡು ಕೋಲಿನ ತುಂಡಿಟ್ಟು, ಅದರ ಮೇಲೆ ಹಾಳೆ ಒತ್ತಿ ಹಿಡಿದೆ. ಬೋಲ್ಟ್ ಜಾಗಗಳಲ್ಲಿ ಹೆಬ್ಬೆರಳಿನಿಂದ ಅದುಮಿದರೆ ಬೋಲ್ಟ್ ತೂತಿನ ಗುರುತು ಹಾಳೆಯ ಒಳಮೈಯಲ್ಲಿ ಸ್ಪಷ್ಟವಾಗಿ ಮೂಡುತ್ತದೆ. ಹೆಚ್ಚಿದ್ದನ್ನು ಕತ್ತರಿಯಿಂದ ಸವರಿ, ತೆಗೆದು, ಒದ್ದೆಯಿರುವಾಗಲೇ ಸಪಾಟಾಗಿ ಹರಡಿ ತಗಡಿನ ಮೇಲೆ ಗೆರೆ ಎಳೆದುಕೊಂಡೆ. ಒಣಗಿದರೆ ಮುದುಡಿ ಅಳತೆ ತಪ್ಪುತ್ತದೆ. ಬುಟ್ಟಿಯಂತೆ ಎರಡೂ ಕಡೆ ಬಾಗಿದ ಆಕಾರವಾದರೆ ಅಂಚಿನಲ್ಲಿ ಸೀಳು ಕೊಟ್ಟು ಒಂದರ ಮೇಲೊಂದು ಕೂರಿಸಬೇಕಾಗುತ್ತದೆ.

ಗೆರೆಯ ಹೊರಗೆ ಸುತ್ತಲೂ 8 ಮಿ.ಮೀ. ಹೆಚ್ಚು ಬಿಟ್ಟು ತಗಡು ಕತ್ತರಿಸಿ. ಆ ಹೆಚ್ಚನ್ನು ಹಿಂದಕ್ಕೆ ಮಡಚಿ ಕೊಡತಿಯಿಂದ ತಟ್ಟಿದರೆ ಅಂಚಿನ ಹರಿತ ಹೋಗುತ್ತದೆ, ತಗಡಿಗೆ ಗಟ್ಟಿತನ ಬರುತ್ತದೆ, ನಡುಗುವ ಸದ್ದೂ ಕಡಿಮೆಯಾಗುತ್ತದೆ. ಬಾಗಿಸಲು ಉರುಟು ಮರದ ತುಂಡಿನ ಮೇಲಿಟ್ಟು ನಡುವಿನಿಂದ ಅಂಚಿನ ಕಡೆಗೆ ಸಣ್ಣ ಸಣ್ಣ ಏಟು ಕೊಡಿ. ಕಬ್ಬಿಣದ ಸುತ್ತಿಗೆ ಅಲ್ಯೂಮಿನಿಯಮಿನಲ್ಲಿ ತಗ್ಗು ಬೀಳಿಸುತ್ತದೆ. ದೊಡ್ಡ ಸಪಾಟು ಭಾಗವಿದ್ದರೆ ಮಂದ ಉಳಿಯಿಂದ ಒಂದೆರಡು ಉದ್ದನೆಯ ಉಬ್ಬು ಗೆರೆ ಮೂಡಿಸಿ, ಢೋಲಿನಂತೆ ಬಡಿದುಕೊಳ್ಳುವುದಿಲ್ಲ.

ಬೋಲ್ಟ್ ತೂತು ಎಷ್ಟು ದೊಡ್ಡದಿರಬೇಕು? ಎಂ6 ಬೋಲ್ಟಿಗೆ 6 ಮಿ.ಮೀ. ತೂತು ಹಾಕಿದರೆ ತಪ್ಪು. 300 ಮಿ.ಮೀ. ಉದ್ದದ ಅಲ್ಯೂಮಿನಿಯಂ ಹಾಳೆ 300 ಡಿಗ್ರಿ ಬಿಸಿ ಏರಿದರೆ ಸುಮಾರು 2 ಮಿ.ಮೀ. ಹಿಗ್ಗುತ್ತದೆ. ಹಿಗ್ಗಲು ಜಾಗವಿಲ್ಲದಿದ್ದರೆ ತಗಡು ಉಬ್ಬಿ ಪೈಪಿಗೆ ತಾಗುತ್ತದೆ ಇಲ್ಲವೇ ತೂತಿನ ಪಕ್ಕ ಸೀಳುತ್ತದೆ. ಒಂದು ತೂತು ಮಾತ್ರ 6.5 ಇರಲಿ, ಉಳಿದವು 8 ಅಥವಾ 9, ಮೇಲೆ ಅಗಲದ ವಾಷರ್. ಕಂಪನಿಯ ಶೀಲ್ಡುಗಳಲ್ಲಿ ಉದ್ದ ತೂತು ಇರುವುದು ಇದಕ್ಕೇ. ತೂತಿನ ಒಳಅಂಚನ್ನು ಅರದಿಂದ ನುಣುಪು ಮಾಡಿ, ಬಿರುಕು ಹುಟ್ಟುವುದು ಅಲ್ಲಿನ ಚೂರಿನಿಂದಲೇ.

ಕೂರಿಸುವುದು

ಮ್ಯಾನಿಫೋಲ್ಡಿಗೂ ತಗಡಿಗೂ ನಡುವೆ 12ರಿಂದ 20 ಮಿ.ಮೀ. ಸಂದು ಇರಲಿ. ನಿಮ್ಮ ಕಿರುಬೆರಳು ಎಲ್ಲ ಕಡೆ ಸರಾಗ ಹೋಗಬೇಕು. ಬೋಲ್ಟ್ ಕೂರುವ ಜಾಗ ತಗ್ಗಿನಲ್ಲಿದ್ದರೆ ಸ್ಟೀಲಿನ ಸಣ್ಣ ನಳಿಗೆಯ ತುಂಡು ಅಡಿಗಿಟ್ಟು ಎತ್ತರಿಸಿ. ರಬ್ಬರ್, ನೈಲಾನ್ ವಾಷರ್ ಯಾವುದೂ ಅಲ್ಲಿ ಉಳಿಯುವುದಿಲ್ಲ. ಸಂದಿನ ಮೇಲ್ಭಾಗ ಕೆಳಭಾಗ ಎರಡೂ ತೆರೆದಿರಲಿ, ಆಗ ಒಲೆಯ ಹೊಗೆಗೂಡಿನಂತೆ ಗಾಳಿ ತಾನೇ ಮೇಲೇರಿ ಬಿಸಿಯನ್ನು ಒಯ್ಯುತ್ತದೆ. ತಳದಲ್ಲಿ ನೀರು ನಿಲ್ಲುವ ದೊಣೆಯಂಥ ಮಡಿಕೆ ಇದ್ದರೆ ಒಂದು ಸಣ್ಣ ತೂತು ಕೊಡಿ.

ಬೋಲ್ಟಿನ ತಿರುಪು ಗೆರೆಗೆ ಆಂಟಿ-ಸೀಜ್ ತೆಳ್ಳಗೆ ಸವರಿ. ಗ್ರೀಸ್ ಬೇಡ, ಸುಟ್ಟು ಗಟ್ಟಿಯಾಗಿ ಮುಂದಿನ ಸಲ ಬಿಚ್ಚಲು ಬಿಡುವುದಿಲ್ಲ. ಎಲ್ಲ ಬೋಲ್ಟುಗಳನ್ನೂ ಮೊದಲು ಕೈಯಲ್ಲೇ ನಾಲ್ಕು ಸುತ್ತು ಹಿಡಿಸಿ, ಆಮೇಲೆ ನಡುವಿನಿಂದ ಹೊರಕ್ಕೆ ಬಿಗಿಯಿರಿ. ಎಂ6ಗೆ 8ರಿಂದ 10 ನ್ಯೂಟನ್ ಮೀಟರ್ ಸಾಕು. ಟಾರ್ಕ್ ಪಾನಾ ಇಲ್ಲದವರು ಗಿಡ್ಡ ಹಿಡಿಯ ಪಾನಾವನ್ನು ಮಣಿಕಟ್ಟಿನ ಬಲದಲ್ಲಷ್ಟೇ ಬಿಗಿದರೆ ಅಷ್ಟಾಗುತ್ತದೆ, ತೋಳಿನ ಬಲ ಹಾಕಬಾರದು.

ಆಮೇಲೆ ಎಂಜಿನ್ ಅಲುಗಾಡುತ್ತದೆ ಎಂಬುದು ನೆನಪಿರಲಿ. ಒಬ್ಬರು ಎಂಜಿನ್ನನ್ನು ಹಿಂದೆ ಮುಂದೆ ಕೈಯಿಂದ ತಳ್ಳಲಿ, ಇನ್ನೊಬ್ಬರು ಶೀಲ್ಡ್ ಎಲ್ಲೂ ಹೋಸು, ಕೇಬಲ್, ಬಾಡಿಗೆ ತಾಗುವುದಿಲ್ಲವೆಂದು ನೋಡಲಿ. ಹರಿತ ತಗಡು ವೈರಿಗೆ ಉಜ್ಜಿದರೆ ಬಿಸಿಯಿಂದ ಉಳಿಸಲು ಹೋಗಿ ಶಾರ್ಟ್ ಮಾಡಿದ ಹಾಗಾಗುತ್ತದೆ.

ಗಾಡಿಯಿಂದ ಗಾಡಿಗೆ ಗಮನ ಬೇರೆ. ಓಮ್ನಿಯಲ್ಲಿ ಎಂಜಿನ್ ಮುಂದಿನ ಸೀಟಿನಡಿ ಇರುವುದರಿಂದ ಅಲ್ಲಿನ ಶೀಲ್ಡ್ ಹೋದರೆ ಕೂತವರಿಗೇ ಬಿಸಿ. ಬ್ರಿಟಿಷ್ ಬಿಎಂಸಿ ಕಂಪನಿಯ ಎಂಜಿನ್ನಿನ ಹಳೆಯ ಅಂಬಾಸಿಡರಿನಲ್ಲಿ ಕಾರ್ಬುರೇಟರ್ ಎಕ್ಸಾಸ್ಟಿನ ಬದಿಯಲ್ಲೇ, ಅದರ ಮೇಲೆಯೇ ಕೂರುತ್ತದೆ, ಅವೆರಡರ ನಡುವಿನ ತಗಡು ಇಲ್ಲದೆ ಘಾಟಿ ಹತ್ತಲೇಬೇಡಿ. ಕ್ಯಾಟಲಿಟಿಕ್ ಕನ್ವರ್ಟರ್ (ಪೈಪಿನಲ್ಲೇ ಹೊಗೆಯನ್ನು ಶುದ್ಧ ಮಾಡುವ ಡಬ್ಬಿ) ಇರುವ ಗಾಡಿಗಳಲ್ಲಿ ಅದರ ಕೆಳಗಿನ ಮೇಲಿನ ಎರಡೂ ಶೀಲ್ಡ್ ಮುಖ್ಯ. ಒಂದು ಪ್ಲಗ್ ಸರಿಯಾಗಿ ಹೊಡೆಯದಿದ್ದರೆ ಸುಡದ ಪೆಟ್ರೋಲ್ ಅಲ್ಲಿ ಹೋಗಿ ಸುಟ್ಟು 800 ಡಿಗ್ರಿ ದಾಟಬಹುದು. ಒಣ ಎಲೆ 250–300 ಡಿಗ್ರಿಗೇ ಹೊತ್ತಿಕೊಳ್ಳಬಲ್ಲದು. ಮಾರ್ಚ್ ತಿಂಗಳಲ್ಲಿ ತೋಟದ ದಾರಿಯ ದರಕಿನ ಮೇಲೆ ಬಿಸಿ ಗಾಡಿ ನಿಲ್ಲಿಸುವವರು ಇದನ್ನು ಗಮನಿಸಬೇಕು.

ಪೆಟ್ರೋಲ್ ಹೋಸು ಹಾಗೂ ವೈರು

ಶೀಲ್ಡ್ ಇಲ್ಲದೆ ಓಡಿದ ಗಾಡಿಯಾದರೆ ಪಕ್ಕದ ರಬ್ಬರೆಲ್ಲ ಬೆಂದಿರುತ್ತದೆ. ಹೋಸನ್ನು ಬೆರಳಲ್ಲಿ ಹಿಸುಕಿ, ಮೆಲ್ಲಗೆ ಬಾಗಿಸಿ. ಗಟ್ಟಿಯಾಗಿದ್ದರೆ ಅಥವಾ ಬಾಗಿದಲ್ಲಿ ಸಣ್ಣ ಸೀಳು ಕಂಡರೆ ಇವತ್ತೇ ಬದಲಿಸಿ. 2023ರಿಂದ ಬಂಕುಗಳಿಗೆ 20% ಎಥನಾಲ್ ಬೆರೆತ ಪೆಟ್ರೋಲ್ ಬರತೊಡಗಿದೆ, ಹಳೆಯ ಗಾಡಿಯ ಹೋಸುಗಳನ್ನು ಅದಕ್ಕೆಂದು ಮಾಡಿದ್ದಲ್ಲ.  ಹೊಸದು ಕೊಳ್ಳುವಾಗ ಮೈಮೇಲೆ 'ಎಸ್‌ಎಇ ಜೆ30 ಆರ್9' ಎಂದು (ಪೆಟ್ರೋಲ್ ಹೋಸಿನ ಗುಣಮಟ್ಟದ ಗುರುತು) ಅಚ್ಚಾದದ್ದನ್ನು ಕೇಳಿ. ಅದರ ಮೇಲೆ ಅಲ್ಯೂಮಿನಿಯಂ ಮೈಯ ಫೈಬರ್‌ಗ್ಲಾಸ್ ತೋಳು ತೊಡಿಸಬಹುದು, ಆದರೆ ಅದು ಶೀಲ್ಡಿಗೆ ಬದಲಿಯಲ್ಲ. ಹೋಸನ್ನೇ ಇನ್ನೆರಡು ಇಂಚು ದೂರ ಸರಿಸಿ ಕ್ಲಿಪ್ ಹಾಕಲು ಸಾಧ್ಯವಾದರೆ ಅದು ಎಲ್ಲಕ್ಕಿಂತ ಒಳ್ಳೆಯದು. ಡ್ರೈವ್ ಶಾಫ್ಟಿನ ರಬ್ಬರ್ ಬೂಟ್, ಎಂಜಿನ್ ಮೌಂಟಿಂಗ್, ಸ್ಟಾರ್ಟರಿನ ವೈರ್ ಮೂರನ್ನೂ ಇದೇ ಹೊತ್ತಿನಲ್ಲಿ ಮುಟ್ಟಿ ನೋಡಿ. ಬ್ರೇಕ್ ಆಯಿಲ್ ಸೋರುತ್ತಿದ್ದರೆ ಅದನ್ನು ನಿಲ್ಲಿಸದೆ ಗಾಡಿ ತೆಗೆಯಬೇಡಿ, ಕಾದ ಮ್ಯಾನಿಫೋಲ್ಡ್ ಮೇಲೆ ಬಿದ್ದರೆ ಅದೂ ಉರಿಯುತ್ತದೆ.

ಮೊದಲ ಸ್ಟಾರ್ಟ್

ಒಳಗೆ ಬಿಟ್ಟ ಪಾನಾ, ಚಿಂದಿ, ಹಾಳೆಯ ಚೂರು ಎಲ್ಲ ತೆಗೆದಿದ್ದೀರಾ ಎಂದು ಟಾರ್ಚ್ ಹಿಡಿದು ಎರಡು ಸಲ ನೋಡಿ. ಬ್ಯಾಟರಿ ಜೋಡಿಸಿ, ಶೆಡ್ಡಿನಿಂದ ಹೊರಗೆ ಬಯಲಿನಲ್ಲಿ ಸ್ಟಾರ್ಟ್ ಮಾಡಿ. ಕೈಗೆಟುಕುವಲ್ಲಿ ಪುಡಿಯ ಅಗ್ನಿಶಾಮಕ ಅಥವಾ ಒಂದು ಬಕೆಟ್ ಒಣ ಮರಳು ಇರಲಿ, ಪೆಟ್ರೋಲ್ ಬೆಂಕಿಗೆ ನೀರು ಎರಚಬಾರದು. ಹೊಸ ತಗಡಿನ ಎಣ್ಣೆ, ಸ್ಪ್ರೇ ಎಲ್ಲ ಸುಟ್ಟು ಹತ್ತು ಹದಿನೈದು ನಿಮಿಷ ತೆಳು ಹೊಗೆ ಬರುತ್ತದೆ. ಅದು ಸಹಜ. ಆಮೇಲೂ ನಿಲ್ಲದಿದ್ದರೆ, ರಬ್ಬರಿನ ವಾಸನೆಯಿದ್ದರೆ ಆಫ್ ಮಾಡಿ ಹುಡುಕಿ.

ಇನ್‌ಫ್ರಾರೆಡ್ ಥರ್ಮಾಮೀಟರ್ ಇದ್ದವರಿಗೆ ಒಂದು ಮಾತು: ಹೊಳೆಯುವ ತಗಡಿಗೆ ಗುರಿ ಹಿಡಿದರೆ ಅದು ನಿಜಕ್ಕಿಂತ ಬಹಳ ಕಡಿಮೆ ತೋರಿಸುತ್ತದೆ. ತಗಡಿನ ಒಂದು ಮೂಲೆಯಲ್ಲಿ ಶಾಖ ತಡೆಯುವ ಕಪ್ಪು ಪೇಂಟಿನ ಬೊಟ್ಟಿಟ್ಟು ಅಲ್ಲಿಗೇ ಗುರಿ ಹಿಡಿಯಿರಿ. ಅದಕ್ಕಿಂತ ಮುಖ್ಯ ಹೋಸಿನ ಬಿಸಿ. ಆಫ್ ಮಾಡಿ ಹತ್ತು ನಿಮಿಷದ ಮೇಲೆ ಅಳೆಯಿರಿ. ಉಪಕರಣ ಇಲ್ಲದವರು ಹೋಸನ್ನು ಎಚ್ಚರದಿಂದ ಮುಟ್ಟಿ ನೋಡಬಹುದು. ಹಿಡಿದುಕೊಳ್ಳಲು ಆಗುತ್ತಿಲ್ಲವೆಂದರೆ ಅದು ಹತ್ತಿರ ಹತ್ತಿರ 60 ಡಿಗ್ರಿ ದಾಟಿದೆ, ಇನ್ನೊಂದಿಷ್ಟು ಮರೆ ಬೇಕು.

ಪೂರ್ತಿ ತಣ್ಣಗಾದ ಮೇಲೆ ಎಲ್ಲ ಬೋಲ್ಟುಗಳನ್ನೂ ಮತ್ತೊಮ್ಮೆ ಬಿಗಿ ನೋಡಿ. ಮೊದಲ ಬಿಸಿಯಲ್ಲಿ ತಗಡು ಕೂತುಕೊಂಡು ಒಂದೆರಡು ಖಂಡಿತ ಸಡಿಲಾಗಿರುತ್ತವೆ. ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೋಗಿ ಬಂದರೆ ಸುಮಾರು 120 ಕಿ.ಮೀ. ಆಗುತ್ತದೆ, ಅಷ್ಟು ಓಡಿದ ಮೇಲೆ ಇನ್ನೊಮ್ಮೆ ನೋಡಿದರೆ ಆಯಿತು.

ವರ್ಷಕ್ಕೆ ಎರಡು ಸಲ ಟಾರ್ಚ್ ಹಿಡಿದು ಬಗ್ಗಿ. ಒಮ್ಮೆ ಮಳೆಗಾಲ ಮುಗಿದ ಕೂಡಲೇ, ಪೈಪು ಮತ್ತು ಶೀಲ್ಡಿನ ನಡುವೆ ಒಣಗಿದ ಕೆಸರಿನ ಹೆಂಟೆ ತೆಗೆಯಲು. ಇನ್ನೊಮ್ಮೆ ಶಿವರಾತ್ರಿಯ ಹೊತ್ತಿಗೆ, ಎಲೆ ಉದುರುವ ಕಾಲಕ್ಕೆ. ವಾರಗಟ್ಟಲೆ ಶೆಡ್ಡಿನಲ್ಲೇ ನಿಂತ ಗಾಡಿಯಾದರೆ ಸ್ಟಾರ್ಟ್ ಮಾಡುವ ಮುಂಚೆಯೇ ನೋಡಿ. ಶೀಲ್ಡಿನ ಸಂದು ಇಲಿಗೆ ಬೆಚ್ಚನೆಯ ಮನೆ, ಅಡಿಕೆ ಸಿಪ್ಪೆಯ ನಾರು ತಂದು ಗೂಡು ಕಟ್ಟುತ್ತದೆ. ನಮ್ಮ ಗಾಡಿಯಲ್ಲಿ ಹೋದ ಜನವರಿಯಲ್ಲಿ ಒಂದು ಮುಷ್ಟಿಯಷ್ಟು ಸಿಕ್ಕಿತ್ತು. ತುದಿ ಬಗ್ಗಿಸಿದ ತಂತಿಯಿಂದ ಕೆಳಗಿನಿಂದ ಎಳೆದರೆ ಪೂರ್ತಿ ಬರುತ್ತದೆ, ಮೇಲಿನಿಂದ ತಳ್ಳಿದರೆ ಇನ್ನೂ ಒಳಗೆ ಹೋಗಿ ಸಿಕ್ಕಿಕೊಳ್ಳುತ್ತದೆ.